ಎರಡನೆಯ ಪಂಪು

"ಗುರುಗಳೇ, ಯಾರ ಹಂಗೂ ಇಲ್ಲದೆ ಬದುಕುವುದು ಹೇಗೆ?" ಎಂದು ಶಿಷ್ಯೆ ಕೇಳಿದಳು.

ಗುರುಗಳು ಅವಳ ಮುಖ ನೋಡಿದರು. "ಯಾಕೆ ಮಗಳೇ, ಯಾರು ಏನಂದರು?"

"ಯಾರು ಏನನ್ನಲಿಲ್ಲ ಎಂದು ಕೇಳಿ. ಒಂದು ತುತ್ತು ಕೊಟ್ಟವರು ಹತ್ತು ದಿನ ಎತ್ತಿ ಆಡುತ್ತಾರೆ. ಒಂದು ಕೊಡ ನೀರು ತಂದುಕೊಟ್ಟವರು ನಿನ್ನಿಂದ ನನ್ನ ಸೊಂಟ ಹೋಯಿತು ಎನ್ನುತ್ತಾರೆ. ನನಗೆ ಸಾಕಾಗಿದೆ. ಗುಡ್ಡದ ಆಚೆ ಒಂದು ಗುಡಿಸಲು ನೋಡಿದ್ದೇನೆ. ಒಲೆ, ಪಾತ್ರೆ, ವರ್ಷಕ್ಕಾಗುವಷ್ಟು ಅಕ್ಕಿ, ಬೇಳೆ ಎಲ್ಲ ಕಟ್ಟಿಟ್ಟಿದ್ದೇನೆ. ನೀವು ಅಪ್ಪಣೆ ಕೊಟ್ಟರೆ ನಾಳೆಯೇ ಹೊರಡುತ್ತೇನೆ."

"ಅಪ್ಪಣೆಯ ಮಾತು ಆಮೇಲೆ. ಕೂತುಕೋ," ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಬಟ್ಟೆಯ ಅಂಗಡಿ ನಡೆಸಿ ಸಾಕಷ್ಟು ಗಳಿಸಿದ್ದ. ಮಕ್ಕಳಿರಲಿಲ್ಲ. ಹೆಂಡತಿ ಕಾಯಿಲೆ ಬಿದ್ದಳು. ಅವಳು ಮಲಗಿದ್ದ ಒಂದು ತಿಂಗಳೂ ಪಕ್ಕದ ಮನೆಯಾಕೆ ಗಂಜಿ ಮಾಡಿ ತಂದುಕೊಟ್ಟಳು. ಹೆಂಡತಿ ಉಳಿಯಲಿಲ್ಲ. ಹದಿಮೂರು ದಿನ ಕಳೆದ ಮೇಲೆ ಪಕ್ಕದ ಮನೆಯಾಕೆ ನಲ್ಲಿಯ ಹತ್ತಿರ ಯಾರಿಗೋ ಹೇಳುತ್ತಿದ್ದಳು: "ತಿಂಗಳಿಡೀ ಗಂಜಿ ಹೊತ್ತವಳು ನಾನು. ಇಲ್ಲದಿದ್ದರೆ ಅಣ್ಣನಿಗೆ ಒಲೆ ಹಚ್ಚುವುದಕ್ಕೂ ಬರುತ್ತಿರಲಿಲ್ಲ." ಆಕೆ ಹೇಳಿದ್ದು ಸುಳ್ಳಲ್ಲ. ಆದರೆ ಅದು ವ್ಯಾಪಾರಿಯ ಕಿವಿಗೆ ಬಿತ್ತು.

ಅಂದಿನಿಂದ ಅವನು ಯಾರ ಮನೆಯಿಂದಲೂ ಒಂದು ಬೆಂಕಿಕಡ್ಡಿಯನ್ನೂ ತರಲಿಲ್ಲ. ಹಬ್ಬಕ್ಕೆ ಯಾರಾದರೂ ಹೋಳಿಗೆ ಕಳಿಸಿದರೆ, ಅದೇ ತಟ್ಟೆಯಲ್ಲಿ ಎರಡರಷ್ಟು ಸಿಹಿ ತುಂಬಿ ಅಂದೇ ಹಿಂದಕ್ಕೆ ಕಳಿಸುತ್ತಿದ್ದ. ಎರಡು ವರ್ಷದಲ್ಲಿ ತಟ್ಟೆ ಬರುವುದು ನಿಂತಿತು.

ಅವನು ಅಂಗಡಿಯನ್ನು ಮಾರಿದ. ಮನೆಯಲ್ಲಿ ಮಾತಾಡುವವರಿರಲಿಲ್ಲ. ಒಮ್ಮೆ ಬೇರೆ ಊರಿಗೆ ಹೋದಾಗ, ಗಾಜಿನ ತೊಟ್ಟಿಯಲ್ಲಿ ಸಮುದ್ರದ ನೀರು ತುಂಬಿ ಜೀವಂತ ಹವಳ ಬೆಳೆಸಿದ್ದನ್ನು ನೋಡಿದ. ಹವಳದ ನಡುವೆ ಒಂದು ಮೀನು ಓಡಾಡುತ್ತಿತ್ತು. ಅವನಿಗೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ಇಂಥದ್ದೊಂದು ತನ್ನ ಮನೆಯಲ್ಲಿದ್ದರೆ ಉಸಿರಾಡುವ ಜೀವ ಒಂದು ಜೊತೆಗಿರುತ್ತದೆ ಎಂದುಕೊಂಡ.

ಊರಿಗೆ ಬಂದು ಒಬ್ಬ ಪ್ಲಂಬರನನ್ನು ಕರೆಸಿದ. ಪ್ಲಂಬರ್ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದ. ಮೇಲೆ ಗಾಜಿನ ತೊಟ್ಟಿ, ಕೆಳಗೆ ಇನ್ನೊಂದು ತೊಟ್ಟಿ. ಮೇಲಿನ ನೀರು ಪೈಪಿನಲ್ಲಿ ಇಳಿದು ಕೆಳಗೆ ಬರಬೇಕು. ಅಲ್ಲಿ ಶುದ್ಧವಾಗಬೇಕು. ಪಂಪು ಅದನ್ನು ಮತ್ತೆ ಮೇಲಕ್ಕೆ ಎತ್ತಬೇಕು. ಕೆಳಗಿನ ತೊಟ್ಟಿಯನ್ನು ಅಂಚಿನವರೆಗೆ ತುಂಬಬಾರದು, ಪಂಪು ನಿಂತಾಗ ಮೇಲಿನಿಂದ ಬರುವ ನೀರಿಗೆ ಅಲ್ಲಿ ಜಾಗ ಬೇಕು. ನೀರು ಸದಾ ತಿರುಗುತ್ತಿರಬೇಕು. ತಿರುಗುವುದು ನಿಂತರೆ ಒಂದು ದಿನದಲ್ಲಿ ಎಲ್ಲ ಸಾಯುತ್ತದೆ.

ಬರೆದು ಮುಗಿಸಿ ಪ್ಲಂಬರ್ ಕೇಳಿದ: "ಪಂಪು ಕೆಟ್ಟರೆ ಯಾರು ನೋಡುತ್ತಾರೆ ಸ್ವಾಮಿ?"

"ನಾನಿದ್ದೇನಲ್ಲ."

"ನೀವು ಊರಲ್ಲಿಲ್ಲದಿದ್ದರೆ?"

"ನಾನು ಎಲ್ಲಿಗೂ ಹೋಗುವುದಿಲ್ಲ."

"ಎಲ್ಲಿಗೂ ಹೋಗದವರಿಗೂ ಜ್ವರ ಬರುತ್ತದೆ. ಪಕ್ಕದ ಮನೆಯಲ್ಲಿ ಒಂದು ಬೀಗದ ಕೈ ಕೊಟ್ಟಿರಿ. ಯಾವ ಸ್ವಿಚ್ಚು ಒತ್ತಬೇಕು ಎಂದು ಆಯಮ್ಮನಿಗೆ ನಾನೇ ತೋರಿಸಿಕೊಡುತ್ತೇನೆ. ನಿಮಗೆ ಅರ್ಧ ಸಾಮಾನು ಉಳಿಯುತ್ತದೆ."

"ಬೀಗದ ಕೈ ಒಂದು ಬಿಟ್ಟು ಬೇರೆ ಏನು ಬೇಕಾದರೂ ಹೇಳು," ಎಂದ ವ್ಯಾಪಾರಿ.

ಪ್ಲಂಬರ್ ತಲೆ ಕೆರೆದುಕೊಂಡು ಮತ್ತೆ ನೆಲದ ಮೇಲೆ ಕೂತ. ಮೊದಲ ಪಂಪಿನ ಪಕ್ಕದಲ್ಲಿ ಎರಡನೆಯದನ್ನು ಬರೆದ. ಮೊದಲನೆಯದು ನಿಂತರೆ ಅದು ತಾನೇ ಶುರುವಾಗಬೇಕು. ಕರೆಂಟು ಹೋದರೆ ಎರಡಕ್ಕೂ ಬ್ಯಾಟರಿ. ನೀರು ಆವಿಯಾಗಿ ಕಡಿಮೆಯಾದರೆ ತಾನೇ ತುಂಬಿಕೊಳ್ಳಲು ಮೂಲೆಯಲ್ಲಿ ಒಂದು ಡ್ರಮ್ಮು ಸಿಹಿನೀರು. ಇಳಿಯುವ ಪೈಪು ಕಟ್ಟಿಕೊಂಡರೆ ಪಕ್ಕದಲ್ಲೇ ಇನ್ನೊಂದು ಪೈಪು. ದೀಪ ಹತ್ತಿಸಿ ಆರಿಸಲು ಗಡಿಯಾರ. ಗಾಜಿನ ಪಾಚಿ ತಿನ್ನಲು ನಾಲ್ಕು ಬಸವನಹುಳು.

"ಮದುವೆ ಛತ್ರಕ್ಕೂ ನಾನು ಇಷ್ಟು ಪೈಪು ಹಾಕಿಲ್ಲ ಸ್ವಾಮಿ," ಎಂದ ಪ್ಲಂಬರ್. "ಒಂದು ಬೀಗದ ಕೈ ಅಷ್ಟು ಭಾರವೇ?"

ವ್ಯಾಪಾರಿ ಕೆಲಸ ಶುರು ಮಾಡು ಎಂದ.

ತೊಟ್ಟಿ ಸಿದ್ಧವಾಯಿತು. ನೀರು ಹದಕ್ಕೆ ಬರಲು ಎರಡು ತಿಂಗಳು ಕಾದ. ಹವಳ ತಂದ. ಆಮೇಲೆ ಒಂದು ಕಿತ್ತಳೆ ಬಣ್ಣದ ಮೀನು ತಂದ. ದಿನಕ್ಕೆ ಎರಡು ಸಲ ತನ್ನ ಕೈಯಿಂದಲೇ ಅದಕ್ಕೆ ಕಾಳು ಹಾಕುತ್ತಿದ್ದ. ಹದಿನೈದು ದಿನದಲ್ಲಿ ಮೀನು ಅವನ ಗುರುತು ಹಿಡಿಯಿತು. ಅವನು ಕೋಣೆಗೆ ಕಾಲಿಟ್ಟರೆ ಗಾಜಿನ ಹತ್ತಿರ ಬರುತ್ತಿತ್ತು. ಗಾಜಿನ ಮೇಲೆ ಬೆರಳಿಟ್ಟು ಅವನು ಎತ್ತ ಎಳೆದರೆ ಅತ್ತ ಈಜುತ್ತಿತ್ತು. ವ್ಯಾಪಾರಿ ಅದರ ಜೊತೆ ಮಾತಾಡತೊಡಗಿದ. ಬಿಸಿಲು ಜಾಸ್ತಿ ಎನ್ನುತ್ತಿದ್ದ, ಇವತ್ತು ಅನ್ನ ಸೀದುಹೋಯಿತು ಎನ್ನುತ್ತಿದ್ದ. ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ ಸುಖದುಃಖದ ಮಾತು ಕೇಳಿದ್ದು ಆಗಲೇ.

ಒಂದು ದಿನ ಪೈಪುಗಳನ್ನು ನೋಡಿಹೋಗಲು ಪ್ಲಂಬರ್ ಬಂದ. "ಎಲ್ಲ ಸರಿಯಾಗಿದೆ," ಎಂದ. "ಒಂದೇ ಕೆಲಸ ನಿಮ್ಮ ಕೈಯಲ್ಲಿ ಉಳಿದಿದೆ, ಕಾಳು ಹಾಕುವುದು. ನೀವು ಹಾಸಿಗೆ ಹಿಡಿದರೆ ಮೀನು ಉಪವಾಸ."

ವ್ಯಾಪಾರಿ ಎರಡು ದಿನ ಯೋಚಿಸಿದ. ಮೂರನೆಯ ದಿನ, ಹೊತ್ತುಹೊತ್ತಿಗೆ ತಾನೇ ತೆರೆದುಕೊಂಡು ಕಾಳು ಉದುರಿಸುವ ಡಬ್ಬಿಯೊಂದನ್ನು ತರಿಸಿ ತೊಟ್ಟಿಯ ಮೂಲೆಯಲ್ಲಿ ಕೂರಿಸಿದ. ವಾರ ಕಳೆಯುವುದರೊಳಗೆ ಮೀನು ಡಬ್ಬಿಯ ಕೆಳಗೆ ಕಾಯುವುದನ್ನು ಕಲಿಯಿತು. ಅವನು ಬಂದರೆ ತಿರುಗಿಯೂ ನೋಡುತ್ತಿರಲಿಲ್ಲ. ವ್ಯಾಪಾರಿಗೆ ಒಳಗೇ ಚುರುಕ್ಕೆಂದಿತು. ಆದರೂ, ಇನ್ನು ಈ ಮನೆಗೆ ಯಾರ ಹಂಗೂ ಇಲ್ಲ ಎಂದು ಸಮಾಧಾನ ಮಾಡಿಕೊಂಡ.

ಕೆಲವು ತಿಂಗಳ ಮೇಲೆ ಪೇಟೆಗೆ ಹೋಗಿದ್ದವನು ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಿದ್ದ. ಕಾಲು ಮುರಿಯಿತು. ಯಾರೋ ಆಸ್ಪತ್ರೆಗೆ ಸೇರಿಸಿದರು. ಮನೆಯಲ್ಲಿ ಯಾರಿಗೆ ತಿಳಿಸಬೇಕು ಎಂದು ಅಲ್ಲಿಯವರು ಕೇಳಿದರು. ಯಾರಿಗೂ ಬೇಡ, ಅಲ್ಲಿ ಎಲ್ಲ ತಾನೇ ನಡೆಯುತ್ತದೆ ಎಂದ.

ಇಪ್ಪತ್ತು ದಿನ ಮಲಗಿದ್ದ. ಅಕ್ಕಪಕ್ಕದ ಹಾಸಿಗೆಯವರನ್ನು ನೋಡಲು ಜನ ಬರುತ್ತಿದ್ದರು. ಬುತ್ತಿಯ ಜೊತೆ ಬೈಗುಳವನ್ನೂ ತರುತ್ತಿದ್ದರು. ಕಣ್ಣು ಎಲ್ಲಿಟ್ಟುಕೊಂಡು ನಡೆದೆ ಎಂದು ಬೈಯುತ್ತಲೇ ಅನ್ನ ಕಲಸಿ ಬಾಯಿಗಿಡುತ್ತಿದ್ದರು. ವ್ಯಾಪಾರಿ ಗೋಡೆಯ ಕಡೆ ತಿರುಗಿಕೊಂಡು, ಪಂಪು, ಬ್ಯಾಟರಿ, ಡ್ರಮ್ಮು, ಡಬ್ಬಿ ಎಂದು ಒಂದೊಂದನ್ನೇ ನೆನೆಯುತ್ತಿದ್ದ. ಯಾವುದರಲ್ಲೂ ತಪ್ಪು ಕಾಣಲಿಲ್ಲ.

ಇಪ್ಪತ್ತೊಂದನೆಯ ದಿನ ಊರುಗೋಲು ಹಿಡಿದು ಮನೆಗೆ ಬಂದ. ಬಾಗಿಲು ತೆಗೆದ. ಪಂಪು ಗುಂಯ್ ಎನ್ನುತ್ತಿತ್ತು. ನೀರು ಇರಬೇಕಾದ ಮಟ್ಟದಲ್ಲೇ ಇತ್ತು. ಹವಳ ಅರಳಿತ್ತು. ಮೀನು ಮೊದಲಿಗಿಂತ ದಪ್ಪಗಾಗಿತ್ತು. ಪ್ಲಂಬರನ ಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪಿರಲಿಲ್ಲ. ವ್ಯಾಪಾರಿ ಗಾಜಿನ ಮೇಲೆ ಬೆರಳಿಟ್ಟ. ಮೀನು ಬರಲಿಲ್ಲ. ಹೊತ್ತಾಯಿತು, ಡಬ್ಬಿ ತೆರೆದುಕೊಂಡಿತು, ಮೀನು ಅತ್ತ ಹೋಯಿತು.

ಅವನು ಹೊರಗೆ ಬಂದು ಜಗಲಿಯ ಮೇಲೆ ಕೂತ. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತಿದ್ದಳು. ಅವನ ಕಾಲಿನ ಕಟ್ಟು ನೋಡಿ ಹಿಂಡುತ್ತಿದ್ದ ಸೀರೆಯನ್ನು ಹಾಗೇ ಬಿಟ್ಟಳು.

"ಅಯ್ಯೋ, ಕಾಲಿಗೇನಾಯಿತು ಅಣ್ಣ? ಯಾವಾಗ?"

"ಇಪ್ಪತ್ತು ದಿನವಾಯಿತು. ಆಸ್ಪತ್ರೆಯಲ್ಲಿದ್ದೆ."

"ಇಪ್ಪತ್ತು ದಿನವೇ? ನಿಮ್ಮ ಪಂಪಿನ ಸದ್ದು ಕೇಳುತ್ತಲೇ ಇತ್ತಲ್ಲ! ಹೊತ್ತಿಗೆ ಸರಿಯಾಗಿ ದೀಪವೂ ಹತ್ತುತ್ತಿತ್ತು. ಬಾಗಿಲು ಮುಚ್ಚಿರುವುದಂತೂ ನಿಮ್ಮ ಮನೆಗೆ ಹೊಸದಲ್ಲ. ಒಳಗೇ ಇದ್ದೀರಿ ಎಂದುಕೊಂಡಿದ್ದೆ." ಆಕೆ ಎರಡು ಹೆಜ್ಜೆ ಹತ್ತಿರ ಬಂದಳು. "ಊಟಕ್ಕೇನು ಮಾಡುತ್ತೀರಿ? ಸಾರು ಬಿಸಿಯಾಗಿದೆ. ತರಲೇ?"

ಇಷ್ಟು ವರ್ಷ ಬಾಯಿಗೆ ರೂಢಿಯಾಗಿದ್ದ ಮಾತೇ ಬಂತು. "ಏನೂ ಬೇಡ. ಎಲ್ಲ ಇದೆ."

"ಸರಿ ಹಾಗಾದರೆ," ಎಂದು ಆಕೆ ಒಳಗೆ ಹೋದಳು.

ಇನ್ನೊಂದು ಸಲ ಕೇಳುತ್ತಾಳೇನೋ ಎಂದು ವ್ಯಾಪಾರಿ ಕಾದ. ಆಕೆ ಹೊರಗೆ ಬರಲಿಲ್ಲ. ಕೂಗೋಣ ಎಂದುಕೊಂಡ. ಏನೆಂದು ಕೂಗುವುದು? ಕೇಳಿ ತರುವಂಥ ಕೊರತೆ ಅವನ ಮನೆಯಲ್ಲಿ ಒಂದೂ ಇರಲಿಲ್ಲ.

ಅವನು ಒಳಗೆ ಹೋದ. ಊರುಗೋಲನ್ನು ಗೋಡೆಗೆ ಒರಗಿಸಿ, ಕಷ್ಟಪಟ್ಟು ಬಗ್ಗಿ, ಪಂಪಿನ ಸ್ವಿಚ್ಚು ಆರಿಸಿದ. ಪಂಪು ಕೆಟ್ಟಿದೆ ಬನ್ನಿ ಎಂದಾದರೂ ಕೂಗಬಹುದಲ್ಲ ಎಂದುಕೊಂಡ. ನೀರಿನ ಸದ್ದು ನಿಂತಿತು. ಕೂಗಲು ಬಾಯಿ ತೆರೆದ.

ಅಷ್ಟರಲ್ಲಿ ಎರಡನೆಯ ಪಂಪು ತಾನೇ ಶುರುವಾಯಿತು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯೆ ಕೇಳಿದಳು: "ಆದರೆ ಆಯಮ್ಮ ಗಂಜಿ ಕೊಟ್ಟು ಎತ್ತಿ ಆಡಿದ್ದು ತಪ್ಪಲ್ಲವೇ?"

"ತಪ್ಪೇ. ತಿಂಗಳಿಡೀ ಗಂಜಿ ಹೊತ್ತದ್ದೂ ನಿಜ."

"ಹಾಗಾದರೆ ನನ್ನ ಅಪ್ಪಣೆ?"

"ಹಾಲು ಕಾಸಿ ಆರಿಸಿಟ್ಟಿದೆ, ಮನೆಯಲ್ಲಿ ಹೆಪ್ಪಿಗೆ ಮೊಸರಿಲ್ಲ, ಮೊದಲು ಎದುರು ಮನೆಗೆ ಹೋಗಿ ಒಂದು ಚಮಚ ಕೇಳಿ ತಾ," ಎಂದರು ಗುರುಗಳು.