ಬ್ರಿತೆಸಳ ಸರದಿ

ಮೇ ತಿಂಗಳ ಕೊನೆಯ ವಾರದಲ್ಲಿ ಲಿಸ್ಬನ್ ನಗರಕ್ಕೆ ಬರುವವರು ಪುಣ್ಯವಂತರು. ಬಿಸಿಲು ಇನ್ನೂ ಸುಡುವುದಿಲ್ಲ, ಜಕರಂಡ ಮರಗಳು ರಸ್ತೆಗೆಲ್ಲ ನೇರಳೆ ಹೂ ಚೆಲ್ಲಿರುತ್ತವೆ. ಇಪ್ಪತ್ತಾರು ವರ್ಷಗಳಿಂದ ಇಲ್ಲಿರುವ ನಾನು, ನಮ್ಮ ಕಡೆಯಿಂದ ಬಂದವರನ್ನು ತಪ್ಪದೆ ಅಲ್ಫಾಮ ಎಂಬ ಹಳೆಯ ಕೇರಿಯ ಏರಿಗೆ ಕರೆದೊಯ್ಯುತ್ತೇನೆ. ನದಿಯ ದಡದಿಂದ ತೊಂಬತ್ತು ಮೆಟ್ಟಿಲು ಹತ್ತಿದರೆ ಅಲ್ಲೊಂದು ಹಳೆಯ ಕಲ್ಲುಗೋಡೆ. ಅದರ ಆರು ಕೊಳವೆಗಳಿಂದ ಊಟೆಯ ನೀರು ಸದಾ ಸುರಿಯುತ್ತದೆ. ನಕ್ಷೆಯಲ್ಲಿ ಇದಕ್ಕೆ ಹೆಸರಿಲ್ಲ. ಕೇರಿಯವರು ‘ಬ್ರಿತೆಸಳ ಸರದಿ’ ಎನ್ನುತ್ತಾರೆ. ಬಂದವರು ಏದುಸಿರು ಬಿಡುತ್ತ ಫೋಟೋ ತೆಗೆಸಿಕೊಂಡು ಕಾಫಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಕಥೆ ಕೇಳದೆ ಕಾಫಿ ಇಲ್ಲ ಎಂಬುದು ನನ್ನ ಕಟ್ಟುನಿಟ್ಟು.

ಹಿಂದೆ ಒಮ್ಮೆ, ಹೊನ್ನಾವರದ ಮೆಣಸು ಹಡಗೇರಿ ಇಲ್ಲಿಗೆ ಬರುತ್ತಿದ್ದ ಕಾಲದಲ್ಲಿ, ಸರಕಿನ ಜೊತೆ ಜಟ್ಟಪ್ಪನೆಂಬವನೂ ಬಂದನಂತೆ. ಮೆಣಸು ಒಳ್ಳೆಯದೆಂಬ ಮಾತಿಗೆ ಅವನೇ ಹೊಣೆ. ಪರೀಕ್ಷೆ ಸರಳ: ಗಟ್ಟಿ ಕಾಳು ನೀರಿನಲ್ಲಿ ಮುಳುಗುತ್ತದೆ, ಜೊಳ್ಳು ತೇಲುತ್ತದೆ. ಮುಳುಗಿದರೆ ಮರುದಿನದ ಹಡಗಿನಲ್ಲಿ ಅವನು ಊರಿಗೆ. ತೇಲಿದರೆ ಸಾಯುವತನಕ ಸಂಕೋಲೆಯಲ್ಲಿ ಹಡಗಿನ ಹುಟ್ಟು ಹಾಕಬೇಕು. ಅವನು ಹೊರಟಾಗ ಮಗಳಿನ್ನೂ ತೊಟ್ಟಿಲಲ್ಲಿದ್ದಳು. ದಡದ ಉಗ್ರಾಣದಲ್ಲಿ ಎರಡು ಹಿಡಿ ಕಾಳನ್ನು ತೊಟ್ಟಿಗೆ ಸುರಿದರು. ಅರ್ಧದಷ್ಟು ತೇಲಿತು. ಹಡಗಿನಲ್ಲಿ ತಿಂಗಳುಗಟ್ಟಲೆ ಇದ್ದ ಕಾಳು ಹಗುರಾಗಿರಬಹುದು, ಆದರೆ ಇಷ್ಟೊಂದೇ? ಜಟ್ಟಪ್ಪ ತೊಟ್ಟಿಗೆ ಬೆರಳದ್ದಿ ನಾಲಿಗೆಗಿಟ್ಟುಕೊಂಡ. ತೊಟ್ಟಿ ತುಂಬಿಸಿದ್ದು ಸಮುದ್ರ ಒಳನುಗ್ಗುವ ನದಿಯಿಂದ.

“ಇದು ಉಪ್ನೀರು. ಇದ್ರಲ್ಲಿ ಗಟ್ಟಿ ಕಾಳೂ ತೇಲ್ತದೆ. ಸಿಹಿನೀರು ತರ್ಸಿ,” ಎಂದು ದುಭಾಷಿಗೆ ಹೇಳಿದ. ಉಗ್ರಾಣದ ಯಜಮಾನ ನಕ್ಕ. ಬೇಕಿದ್ದರೆ ನೀನೇ ತಾ, ಚರ್ಚಿನ ಮಧ್ಯಾಹ್ನದ ಗಂಟೆ ನಿಲ್ಲುವುದರೊಳಗೆ ಎಂದ.

ತೊಂಬತ್ತು ಮೆಟ್ಟಿಲು ಓಡಿ ಹತ್ತಿದವನಿಗೆ ಅಲ್ಲಿ ಇನ್ನೊಂದು ಸಂಕಟ ಕಾದಿತ್ತು. ಯಾವ ಕೊಳವೆ ಯಾವ ಜನಕ್ಕೆ ಎಂಬ ಕಟ್ಟಳೆ ಇತ್ತು: ಒಂದು ನಾವಿಕರಿಗೆ, ಒಂದು ಮನೆವಂತ ಹೆಂಗಸರಿಗೆ, ಕೊನೆಯದು ಗುಲಾಮ ಹೆಂಗಸರಿಗೆ. ಹೊನ್ನಾವರದವನಿಗೆ ಯಾವುದೂ ಇಲ್ಲ. ಹೋದಲ್ಲೆಲ್ಲ ದಬ್ಬಿದರು. ನಮ್ಮೂರ ಬಾವಿಕಟ್ಟೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಟ್ಟಪ್ಪನೂ ಊರಿನಲ್ಲಿ ಎಷ್ಟೋ ಜನರನ್ನು ಹೀಗೆಯೇ ದೂರ ನಿಲ್ಲಿಸಿದವನೇ. ಗಂಟೆ ಶುರುವಾಯಿತು. ಆಗ ಕೊನೆಯ ಕೊಳವೆಯಲ್ಲಿ ಸರದಿ ಬಂದಿದ್ದ ಬ್ರಿತೆಸ್ ಎಂಬ ಗುಲಾಮ ಹೆಂಗಸು ತುಂಬಿದ ತನ್ನ ಕೊಡವನ್ನು ಅವನ ಕೈಗಿಟ್ಟಳು. ಸರದಿ ಒಮ್ಮೆ ಹೋದರೆ ಮತ್ತೆ ಸಾಲಿನ ತುದಿಗೇ ನಿಲ್ಲಬೇಕು. ಒಡತಿಯ ಮನೆಗೆ ನೀರು ತಡವಾದರೆ ಚಾವಟಿ. ಅದು ಅವಳಿಗೆ ಗೊತ್ತಿತ್ತು.

ಕೊನೆಯ ಗಂಟೆ ಬಾರಿಸುವಾಗ ಜಟ್ಟಪ್ಪ ಉಗ್ರಾಣ ಮುಟ್ಟಿದ. ಸಿಹಿನೀರಿನಲ್ಲಿ ಕಾಳು ಒಂದೊಂದಾಗಿ ಇಳಿದು ತಳ ಸೇರಿತು. ಕೊಡ ಹಿಂದಿರುಗಿಸಲು ಅವನು ಮತ್ತೆ ಹತ್ತಿ ಬಂದಾಗ, ಬ್ರಿತೆಸಳನ್ನು ಹೊಡೆಯಲು ಎಳೆದೊಯ್ದಿದ್ದರು. ಕೊಡವನ್ನು ಕೊಳವೆಯ ಕೆಳಗಿಟ್ಟು ಇಳಿದು ಹೋದ. ಮರುದಿನ ಹಡಗು ಹತ್ತಿದ. ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ, ಆದರೆ ನಾನಾದರೂ ಹತ್ತದೆ ಇರುತ್ತಿರಲಿಲ್ಲ.

ಸರದಿಗೆ ಬಾರದವರ ಜಾಗ ಇನ್ನೊಬ್ಬರ ಪಾಲಾಗುತ್ತಿತ್ತು. ಉಳಿದ ಹೆಂಗಸರು ಅದಕ್ಕೆ ಒಪ್ಪಲಿಲ್ಲ. ಮರುದಿನದಿಂದ ದಿನವೂ ಅವಳ ಸರದಿ ಬಂದಾಗ ಒಂದು ಕೊಡ ತುಂಬುವಷ್ಟು ಹೊತ್ತು ಯಾರೂ ಕೊಳವೆಗೆ ಕೈ ಒಡ್ಡಲಿಲ್ಲ, ತಮಗೂ ಏಟು ಕಾದಿದೆಯೆಂದು ತಿಳಿದಿದ್ದರೂ. ಎಂಟನೆಯ ದಿನ ಅವಳು ಬಂದಳೆಂದು ಕೆಲವರು, ಬರಲೇ ಇಲ್ಲವೆಂದು ಕೆಲವರು ಹೇಳುತ್ತಾರೆ. ಬರಲಿಲ್ಲವೆಂದೇ ನನಗೆ ತೋರುತ್ತದೆ.

ಇಂದಿಗೂ ಮಧ್ಯಾಹ್ನದ ಹೊತ್ತಿಗೆ ಕೇರಿಯ ಮುದುಕಿಯರು ಹೂಕುಂಡಗಳಿಗೆ ನೀರೊಯ್ಯಲು ಬರುತ್ತಾರೆ. ಐದು ಕೊಳವೆಗಳಿಗೆ ಬಕೆಟ್ ಒಡ್ಡುತ್ತಾರೆ. ಆರನೆಯದನ್ನು ಸ್ವಲ್ಪ ಹೊತ್ತು ಹಾಗೇ ಬಿಡುತ್ತಾರೆ. ಕಳೆದ ವರ್ಷ ದಾವಣಗೆರೆಯಿಂದ ಬಂದಿದ್ದ ಗಿರಿಜಕ್ಕ ಎಂಬವರಿಗೆ ತಡೆಯಲಾಗಲಿಲ್ಲ. “ಎಷ್ಟು ನೀರು ಸುಮ್ನೆ ಹೋಗ್ತೈತಿ. ಹಿಡ್ಕಳ್ರಿ ಅಂತ ಹೇಳ್ರಿ ಅವ್ರಿಗೆ,” ಎಂದರು. ಹೇಳಿದೆ. ಮುದುಕಿಯೊಬ್ಬಳು ತಲೆಯೆತ್ತದೆ ಉತ್ತರ ಕೊಟ್ಟಳು:

“ಅವಳು ಹಿಡಿಯುತ್ತಿದ್ದಾಳೆ. ಮುಗಿಯಲಿ.”