ಮಾಯಿಗ ಹುಳದ ಕುಲ ಪತ್ತೆ ಹಚ್ಚಿಸಿದ್ದು

ಕೇಳ್ರಪ್ಪಾ, ನಗು ಬಂದರೆ ತಡ್ಕೋಬೇಡಿ. ದೊಡ್ಡತಾಯಮ್ಮನಿಗೆ ಒಬ್ಬನೇ ಮಗ, ಮಾಯಿಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳಿಗೆ ತಲೆನೋವು! ಅವನಿಗಿಂತ ಮನೆಯ ನಾಯಿ ಸಿಪಾಯಿಯೇ ಬುದ್ಧಿವಂತ ಅಂತ ಊರು ಆಡಿಕೊಳ್ಳುತ್ತಿತ್ತು. ಅವಳಿಗೂ ಹಾಗೇ ಅನ್ನಿಸುತ್ತಿತ್ತು, ಪಾಪ.

ಆ ವರ್ಷ ಊರ ಮಕ್ಕಳಿಗೆಲ್ಲ ಹೊಟ್ಟೆಯಲ್ಲಿ ಕೊಕ್ಕೆಹುಳ. ಮುಖ ಬಿಳಿಚಿಕೊಂಡು, ಆಟ ಮರೆತು ಕೂತವು. ಪಟೇಲ ತಿಬ್ಬೇಗೌಡ ಜಗಲಿ ಮೇಲೆ ನಿಂತು ಗುಡುಗಿದ.

"ಎಲ್ಲಾ ಈ ನಾಯಿಗಳಿಂದ್ಲೇ ಬಂದದ್ದು! ಒಂದ್ನೂ ಉಳಿಸಕ್ಕಿಲ್ಲ, ಹೊಡೆಸಾಕ್ತೀನಿ!"

ದೊಡ್ಡತಾಯಮ್ಮ ಓಡಿಹೋಗಿ ಸಿಪಾಯಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಹುಳದ ಪರೀಕ್ಷೆಗೆ ಬಂದಿದ್ದ ಡಾಕ್ಟರಮ್ಮ ಅಡ್ಡ ಬಂದರು.

"ತಡೀರಿ ಗೌಡ್ರೇ. ಮನುಷ್ಯರ ಹುಳ, ನಾಯಿ ಹುಳ, ಎರಡರ ಮೊಟ್ಟೇನೂ ನೋಡೋಕೆ ಒಂದೇ ಥರ. ಡಿಎನ್‌ಎ ಪರೀಕ್ಷೆ ಮಾಡಿದ್ರೆ ಯಾವುದು ಯಾರ ಹುಳ ಅಂತ ಗೊತ್ತಾಗುತ್ತೆ. ಎಲ್ಲರ ಮಲಾನೂ ಬೇಕು, ನಾಯಿಗಳದೂ ಬೇಕು."

ಥೂ, ಅದಕ್ಕೆ ಯಾರು ಕೈ ಹಾಕ್ತಾರೆ? ಮಾಯಿಗ ಹಲ್ಲು ಕಿರಿಯುತ್ತ ಮುಂದೆ ಬಂದ.

"ಡಬ್ಬಿ ತುಂಬಿಸ್ಕೊಂಡು ಬಾಪ್ಪಾ," ಅಂದರು ಡಾಕ್ಟರಮ್ಮ.

ಗಳಿಗೆ ಹೊತ್ತಿನಲ್ಲಿ ಡಬ್ಬಿಗಳೆಲ್ಲ ಭರ್ತಿ!

"ಇಷ್ಟು ಬೇಗ ಯಾರ್ದ್ಲಾ ತಂದೆ?" ಅಂದಳು ತಾಯಿ.

"ನಮ್ಮ ಎಮ್ಮೇದು ಕಣವ್ವ. ಒಂದೇ ಸಲಕ್ಕೆ ಎಲ್ಲಾ ತುಂಬ್ತು!"

"ಅಯ್ಯೋ ನಿನ್ನ ಬುದ್ಧಿಗಿಷ್ಟು! ಒಬ್ಬೊಬ್ರಿಗೂ ಒಂದೊಂದು ಡಬ್ಬಿ ಕಣ್ಲಾ. ಮೊದ್ಲು ಹೆಸ್ರು ಕೇಳು, ಆಮೇಲೆ ತಗೋ!"

ಸರಿ, ಹೆಸರು ಕೇಳುತ್ತ ಮನೆಮನೆಗೂ ಹೋದ. ಜನರದು ಹೆಚ್ಚುಕಡಿಮೆ ಮುಗಿಯಿತು. ಸಂಜೆ ನೋಡಿದರೆ ಸಿಪಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾನೆ.

"ಹೆಸ್ರು ಹೇಳ್ತಾನೇ ಇಲ್ಲ ಕಣವ್ವ, ಜಂಬ!"

"ಅದು ಸಿಪಾಯಿ ಅಂತ ನಿಂಗೊತ್ತಿಲ್ವೇನ್ಲಾ?"

"ಗೊತ್ತು. ನೀನೇ ಕೇಳು ಅಂದ್ಯಲ್ಲ!"

ತಾಯಿ ಹಣೆ ಚಚ್ಚಿಕೊಂಡಳು. "ಏನೂ ಕೇಳ್ಬೇಡ! ಬಾಯಿ ಮುಚ್ಕೊಂಡು ಹಿಂದ್ಹಿಂದೇ ಹೋಗು, ಕೂತ್ಕಡೆ ಎತ್ಕೊಂಡು ಬಾ!"

ಹಾಗೇ ಮಾಡಿದ. ನಾಯಿಗಳದೂ ಮುಗಿಯಿತು. ಉಳಿದವನು ಪಟೇಲನೊಬ್ಬ. "ನನ್ನ ಹೊಟ್ಟೇಲಿ ಹುಳಾನಾ? ಕೊಡಕ್ಕಿಲ್ಲ ಹೋಗ್ಲಾ!" ಅಂದಿದ್ದ. ಬೆಳಿಗ್ಗೆ ಪಟೇಲ ಚೊಂಬು ಹಿಡಿದು ಹೊಲದ ಕಡೆ ಹೊರಟ. ಹಿಂದೆಯೇ ಮಾಯಿಗ, ಬಾಯಿ ಮುಚ್ಚಿಕೊಂಡು.

"ಯಾಕ್ಲಾ ಬತ್ತಿದ್ದೀಯ?" ಪಟೇಲ ಬಿರಬಿರನೆ ನಡೆದ, ಇವನೂ ನಡೆದ. ಪಟೇಲ ಓಡಿದ, ಇವನೂ ಓಡಿದ. ಎಷ್ಟು ಹೊತ್ತು ತಡೆದಾನು ಪಟೇಲ? ಬೇಲಿ ಮರೆಯಲ್ಲಿ ಕೂತ. ಮಾಯಿಗನ ಡಬ್ಬಿ ತುಂಬಿತು!

ಡಾಕ್ಟರಮ್ಮ ಪರೀಕ್ಷೆ ಮುಗಿಸಿ ಬಂದು ಊರ ಮುಂದೆ ಹೇಳಿದರು. "ನಾಯಿಗಳ ಹುಳದ ಕುಲವೇ ಬೇರೆ. ಮಕ್ಕಳ ಹೊಟ್ಟೇಲಿರೋದು ಮನುಷ್ಯರ ಹುಳ, ಪಟೇಲರ ಹೊಟ್ಟೇಲಿರೋದೂ ಅದೇ! ಬಯಲಲ್ಲಿ ಕೂತವರಿಂದ ಮಣ್ಣಿಗೆ ಬಂದು, ಬರಿಗಾಲಿನಿಂದ ಒಳಗೆ ಹೋಗಿದೆ. ನಾಯಿಗಳದು ತಪ್ಪಿಲ್ಲ!"

ಊರೆಲ್ಲ ಹೋ ಅಂತ ಕೂಗಿತು. ದೊಡ್ಡತಾಯಮ್ಮ ಮಗನ ಕೆನ್ನೆ ಸವರಿ ಅತ್ತಳು. "ನನ್ನ ಸಿಪಾಯೀನ ಉಳಿಸ್ಬುಟ್ಟೆ ಕಣೋ ಕಂದ! ನಿನ್ನಂಥ ಮಗ ಯಾರಿಗವ್ನೆ?" ಇಷ್ಟು ವರ್ಷಕ್ಕೆ ಮಗನನ್ನು ಹೆತ್ತದ್ದಕ್ಕೆ ಅವಳಿಗೆ ಹೆಮ್ಮೆಯಾಯಿತು.

ಡಾಕ್ಟರಮ್ಮ ಎಲ್ಲರಿಗೂ ಮಾತ್ರೆ ಹಂಚಿ ಅಂದರು, "ನಾಳೆಯಿಂದ ಈ ಊರಲ್ಲಿ ಒಂದು ಬರಿಗಾಲೂ ನೆಲ ಮುಟ್ಟಬಾರದು. ಮಾಯಿಗಪ್ಪಾ, ಇದು ನಿನ್ನ ಜವಾಬ್ದಾರಿ!"

ಬೆಳಗಾಯಿತು. ಊರಿನ ಯಾವ ಬಾಗಿಲಲ್ಲೂ ಚಪ್ಪಲಿ ಇಲ್ಲ! ಪಟೇಲ ಕೆಕ್ಕರಿಸಿಕೊಂಡು ಹೊಸಿಲಿಗೆ ಬಂದ. ಬೀದಿ ತುಂಬ ನಾಯಿಗಳು, ಕಾಲುಕಾಲಿಗೂ ಚಪ್ಪಲಿ ಕಟ್ಟಿಸಿಕೊಂಡು ಚಟಪಟ ಚಟಪಟ ಓಡಾಡುತ್ತಿವೆ. ಎಲ್ಲಕ್ಕಿಂತ ಮುಂದೆ ಸಿಪಾಯಿ, ಪಟೇಲನ ಜೀರುಗುಟ್ಟುವ ಮೆಟ್ಟು ಮೆಟ್ಟಿಕೊಂಡು!

"ಲೇ, ನನ್ನ ಮೆಟ್ಟು!" ಅಂತ ಪಟೇಲ ಒಂದು ಕಾಲು ಹೊರಗಿಟ್ಟ.

ಮಾಯಿಗ ಕೋಲು ಅಡ್ಡ ಹಿಡಿದ. "ಬರಿಗಾಲು ಗೌಡ್ರೇ, ಒಳಕ್ಕೆ ನಡೀರಿ! ನಾಯಿಗಳು ಓಡಾಡೋ ಜಾಗ ಇದು!"