ಸೂಲಗಿತ್ತಿ ಪೆಟ್ಟಿಗೆ

ಇಂಗ್ಲೆಂಡಿನ ಬೆಟ್ಟಸೀಮೆಯಲ್ಲಿ ಥಾರ್ನ್‌ಬೆಕ್ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿನ ಇಗರ್ಜಿಯ ಗೋಡೆಗೆ ಒತ್ತಿಕೊಂಡು ಕೆಂಪು ಬಣ್ಣದ ಟೆಲಿಫೋನ್ ಪೆಟ್ಟಿಗೆಯೊಂದು ಇಂದಿಗೂ ನಿಂತಿದೆ. ಸಂರಕ್ಷಿತ ಸ್ಮಾರಕವೆಂಬ ಫಲಕ ಅದಕ್ಕಿದ್ದರೂ ಊರವರ ಬಾಯಲ್ಲಿ ಅದು ಸೂಲಗಿತ್ತಿ ಪೆಟ್ಟಿಗೆ. ಅದರೊಳಗೆ ಹೆರಿಗೆಯಾಗಿತ್ತೇ ಎಂದು ಬಂದವರೆಲ್ಲ ಕೇಳುತ್ತಾರೆ. ಇಲ್ಲ. ಅಂದು ಸೂಲಗಿತ್ತಿ ಆ ಊರಿನಲ್ಲೇ ಇರಲಿಲ್ಲ.

ಹಿಂದೆ ಒಮ್ಮೆ, ಪೆಟ್ಟಿಗೆ ಬಂದು ಎರಡು ವರ್ಷವೂ ತುಂಬದಿದ್ದ ಕಾಲದಲ್ಲಿ, ಎದುರುಮನೆಯಲ್ಲಿ ಟ್ಯಾಬಿತಾ ಕ್ರೌಚ್ ಎಂಬ ವಿಧವೆಯಿದ್ದಳು. ಆಕೆಗೆ ಅದನ್ನು ಕಂಡರಾಗುತ್ತಿರಲಿಲ್ಲ. "ಮುಖ ಕಾಣದವರ ಜೊತೆ ಎಂಥ ಮಾತು?" ಎನ್ನುತ್ತ ಒಂದು ದಿನವೂ ಅದರೊಳಗೆ ಕಾಲಿಟ್ಟವಳಲ್ಲ. ಆ ಚಳಿಗಾಲದಲ್ಲಿ ಮೂರು ದಿನ ಬಿಡದೆ ಹಿಮ ಸುರಿದು ಕಣಿವೆಯ ದಾರಿ ಮುಚ್ಚಿಹೋಯಿತು. ಮಗ ಊರವರೊಡನೆ ಹಿಮ ತೋಡಲು ಹೋಗಿದ್ದಾಗ, ನಡುಹಗಲಿನಲ್ಲಿ ಸೊಸೆ ಐವಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡಿತು. ಸೂಲಗಿತ್ತಿ ನರ್ಸ್ ಮರ್ಟನ್ ಇದ್ದದ್ದು ಆರು ಮೈಲಿಯಾಚೆ. "ಅತ್ತೆ, ಫೋನಾದರೂ ಮಾಡಿ" ಎಂದು ಐವಿ ಅಂಗಲಾಚಿದಳು.

ಟ್ಯಾಬಿತಾ ಹಿಮದಲ್ಲಿ ಬಿದ್ದೆದ್ದು ಓಡಿದಳು. ರಿಸೀವರನ್ನು ತಲೆಕೆಳಗಾಗಿ ಹಿಡಿದು ಕೂಗಿದಳು, ಸರಿಮಾಡಿಕೊಂಡು ಮತ್ತೆ ಕೂಗಿದಳು. ಕೊನೆಗೆ ಟೆಲಿಫೋನ್ ಕೇಂದ್ರದವರು ಕರೆ ಜೋಡಿಸಿಕೊಟ್ಟು ಅತ್ತಲಿಂದ ನರ್ಸ್ ಮರ್ಟನ್ ದನಿ ಬಂತು: "ಗಾಬರಿಯಾಗಬೇಡಿ ಅಮ್ಮ. ನಾನು ಹೇಳಿದಷ್ಟು ಮಾಡಿ, ಮತ್ತೆ ಬಂದು ಕೇಳಿ. ನಾನು ಇಲ್ಲೇ ಇರುತ್ತೇನೆ." ರಿಸೀವರನ್ನು ಜೋತುಬಿಟ್ಟು ಆಕೆ ಮನೆಗೂ ಪೆಟ್ಟಿಗೆಗೂ ಹನ್ನೊಂದು ಸಲ ಓಡಾಡಿದಳು ಎನ್ನುತ್ತಾರೆ. ಕೊನೆಯ ಸಲ ನರ್ಸ್, "ಕೂಸು ಅಳದಿದ್ದರೆ ಬಾಯಿ ಒರೆಸಿ, ಬೆನ್ನು ಉಜ್ಜಿ. ಕೈ ನಿಲ್ಲಿಸಬೇಡಿ" ಎಂದಳು.

ಕೂಸು ಅಳಲಿಲ್ಲ. ಮೈ ನೀಲಿಗಟ್ಟಿತ್ತು. ಟ್ಯಾಬಿತಾ ಬಾಯಿ ಒರೆಸಿದಳು, ಬೆನ್ನು ಉಜ್ಜಿದಳು, ಉಜ್ಜುತ್ತಲೇ ಇದ್ದಳು. ಇದ್ದಕ್ಕಿದ್ದಂತೆ ಒಂದು ಸಣ್ಣ ಕೆಮ್ಮು, ಹಿಂದೆಯೇ ಮನೆ ತುಂಬ ಅಳು. ಕೂಸನ್ನು ಬೆಚ್ಚಗೆ ಸುತ್ತಿ ತಾಯಿಯ ಎದೆಗೆ ಕೊಟ್ಟು, ಕಿಟಕಿ ತೆರೆದಿಟ್ಟು ಪೆಟ್ಟಿಗೆಗೆ ಓಡಿದಳು. ಬಾಗಿಲು ತಳ್ಳಿ ಹಿಡಿದು, ತಂತಿ ಎಳೆದಷ್ಟೂ ಎಳೆದು ರಿಸೀವರನ್ನು ಆ ಕಿಟಕಿಯತ್ತ ಚಾಚಿದಳು. ಮತ್ತೆ ಕಿವಿಗಿಟ್ಟಾಗ ಅತ್ತಲಿಂದಲೂ ಅಳುವಿನ ದನಿ: "ಕೇಳಿಸಿತು ಅಮ್ಮ, ಕೇಳಿಸಿತು!"

ಹೆರಿಗೆಯಾದ ನಾಲ್ಕನೆಯ ದಿನ ದಾರಿ ತೆರೆದಾಗ ಅಪರಿಚಿತ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ಟ್ಯಾಬಿತಾಗೆ ಗುರುತು ಸಿಗಲಿಲ್ಲ. "ಕೂಸು ಹೇಗಿದೆ ಅಮ್ಮ?" ಎಂದದ್ದೇ ತಡ, ದನಿಯ ಗುರುತು ಹಿಡಿದು ಟ್ಯಾಬಿತಾ ಅವಳನ್ನು ಬಾಚಿ ತಬ್ಬಿಕೊಂಡಳಂತೆ. ಪೆಟ್ಟಿಗೆಗೆ ಆ ಹೆಸರಿಟ್ಟವಳೂ ಟ್ಯಾಬಿತಾಳೇ ಎನ್ನುತ್ತಾರೆ.

ಈಗ ಅದರೊಳಗೆ ಫೋನಿಲ್ಲ. ಗಾಜಿನಲ್ಲಿ ಇಣುಕಿದರೆ, ಊರಿನಲ್ಲಿ ಹುಟ್ಟಿದ ಮಕ್ಕಳ ಹೆಸರು ಬರೆದ ಮರದ ಹಲಗೆಯೊಂದು ಕಾಣುತ್ತದೆ. ಈ ವಸಂತದಲ್ಲಿ ಬರೆದ ಕೊನೆಯ ಹೆಸರಿನ ಬಣ್ಣ ಇನ್ನೂ ಹೊಳೆಯುತ್ತಿದೆ.